ಗಾಳಿ, ನೀರು, ಕರೆಂಟಿನಿಂದ ಯೂರಿಯಾ: ಲೆಕ್ಕ ಎಲ್ಲಿಗೆ ಬಂತು?

2025ರ ಆಗಸ್ಟ್ ಕೊನೆ. ನಾಟಿ ಮುಗಿದು ಪೈರು ತೆಂಡೆ ಒಡೆಯುವ ಹೊತ್ತು, ಮೇಲುಗೊಬ್ಬರ ಕೊಡದೆ ಬೇರೆ ದಾರಿಯಿಲ್ಲ. ಪಾಂಡವಪುರದ ಕಡೆ ನಮ್ಮೂರಿನ ಸೊಸೈಟಿ ಮುಂದೆ ಬೆಳಗ್ಗೆ ಆರಕ್ಕೇ ಸಾಲು. ಆಧಾರ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ನಿಂತವರು ಕೆಲವರು, ಜಾಗ ಹೋಗಬಾರದೆಂದು ಚಪ್ಪಲಿಯನ್ನು ಸಾಲಿನಲ್ಲೇ ಬಿಟ್ಟು ಟೀ ಕುಡಿಯಲು ಹೋದವರು ಕೆಲವರು. ಚಿಕ್ಕಪ್ಪನ ಮಗನ ಜೊತೆ ನಾನೂ ನಿಂತಿದ್ದೆ. ಅವನು ಮೊಬೈಲ್ ಮುಂದೆ ಹಿಡಿದು ಕೇಳಿದ: "ಅಣ್ಣ, ಇದು ದಿಟವಾ? ಗಾಳಿ, ನೀರು, ಕರೆಂಟು ಇದ್ರೆ ಸಾಕಂತೆ. ಮನೆತಾವೇ ಗೊಬ್ಬರ ಮಾಡ್ಕಬೋದಂತೆ."

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. "ದಿಟವೇ ಕಣೋ, ಆದ್ರೆ..." ಎಂದು ಶುರು ಮಾಡಿದೆ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಅವನ ಹೆಬ್ಬೆಟ್ಟು ಯಂತ್ರದ ಮೇಲೆ ಹೋಯಿತು, ಮಾತು ಅಲ್ಲಿಗೇ ನಿಂತಿತು. ಆ "ಆದ್ರೆ"ಯ ಮುಂದಿನ ಮಾತು ಈ ಲೇಖನ.

ಸಾರಜನಕಕ್ಕೆ ಬರವಿಲ್ಲ. ಒಂದು ಎಕರೆ ಗದ್ದೆಯ ಮೇಲೆ ನಿಂತ ಗಾಳಿಯನ್ನು ಆಕಾಶದವರೆಗೂ ತೂಗಿದರೆ ಅದರಲ್ಲಿ ಸುಮಾರು 31 ಸಾವಿರ ಟನ್ ಸಾರಜನಕ ಇರುತ್ತದೆ. ಆ ಎಕರೆಯ ಭತ್ತಕ್ಕೆ ಬೇಕಾದ್ದು 40 ಕೆ.ಜಿ. ಆದರೆ ಗಾಳಿಯಲ್ಲಿರುವ ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧ ಹಾಕಿಕೊಂಡು ಅಪ್ಪಿ ಕುಳಿತಿವೆ. ರಸಾಯನಶಾಸ್ತ್ರದಲ್ಲಿ ಅಷ್ಟು ಗಟ್ಟಿಯಾದ ಬಂಧಗಳು ವಿರಳ. ಪೈರಿನ ಬೇರಿಗೆ ಅದನ್ನು ಬಿಡಿಸುವ ಶಕ್ತಿ ಇಲ್ಲ. ಹುರುಳಿ, ಅಲಸಂದೆ, ಅಪ್ಸೆಣಬಿನ ಬೇರುಗಂಟುಗಳಲ್ಲಿ ಮನೆ ಮಾಡಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಆ ಶಕ್ತಿ ಇದೆ. ಅದರೊಳಗಿನ ನೈಟ್ರೋಜಿನೇಸ್ ಎಂಬ ಕಿಣ್ವ ಕಬ್ಬಿಣ ಮತ್ತು ಮಾಲಿಬ್ಡಿನಂ ಪರಮಾಣುಗಳ ಗೊಂಚಲನ್ನಿಟ್ಟುಕೊಂಡು ನೆಲದ ತಂಪಿನಲ್ಲಿ, ಯಾವ ಒತ್ತಡವೂ ಇಲ್ಲದೆ ಸಾರಜನಕವನ್ನು ಅಮೋನಿಯಾ ಮಾಡುತ್ತದೆ. ಯೂರಿಯಾಕ್ಕೆ ಮೊದಲ ಮೆಟ್ಟಿಲೂ ಈ ಅಮೋನಿಯಾವೇ. ಕೋಣೆಯ ಉಷ್ಣಾಂಶದಲ್ಲಿ ಇದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮನುಷ್ಯ ಹಿಡಿದ ದಾರಿ ಬೇರೆ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಸಾರಜನಕ ಮತ್ತು ಜಲಜನಕವನ್ನು ಬಿಸಿ ಮಾಡಿ, ಅದುಮಿ, ಹನಿಹನಿಯಾಗಿ ಅಮೋನಿಯಾ ಬರಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಬೆಳೆಸಿದ. 1913ರಲ್ಲಿ ಒಪ್ಪಾವ್ ಎಂಬಲ್ಲಿ ಮೊದಲ ಘಟಕ ಶುರುವಾಯಿತು. 400ರಿಂದ 500 ಡಿಗ್ರಿ ಶಾಖ, ವಾತಾವರಣದ ನೂರು ಇನ್ನೂರು ಪಟ್ಟು ಒತ್ತಡ, ಕಬ್ಬಿಣದ ವೇಗವರ್ಧಕ. ಜಗತ್ತು ಇಂದಿಗೂ ಅದೇ ವಿಧಾನದಿಂದ ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯಾ ತಯಾರಿಸುತ್ತಿದೆ. ಅದರ ಬಹುಪಾಲು ಗೊಬ್ಬರಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಹೇಬರ್-ಬಾಷ್ ವಿಧಾನದ ದೋಷವೆಲ್ಲ ಅದರ ಬಿಸಿ ಮತ್ತು ಒತ್ತಡದಲ್ಲಿದೆ, ಅವೆರಡನ್ನು ತೆಗೆದರೆ ಸಮಸ್ಯೆ ಮುಗಿಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಹಾಗಲ್ಲ. ಆ ಕಾರ್ಖಾನೆಗಳು ಕಕ್ಕುವ ಇಂಗಾಲದ ಡೈಆಕ್ಸೈಡಿನ ಹೆಚ್ಚು ಪಾಲು ಬರುವುದು ಜಲಜನಕ ತಯಾರಿಕೆಯಿಂದ. ನೈಸರ್ಗಿಕ ಅನಿಲವನ್ನು ಹಬೆಯ ಜೊತೆ ಕಾಯಿಸಿ ಜಲಜನಕ ಎಳೆಯುತ್ತಾರೆ, ಇಂಗಾಲ ಹೊರಕ್ಕೆ ಹೋಗುತ್ತದೆ. ನಮ್ಮ ರಾಜ್ಯದ ಒಂದೇ ಯೂರಿಯಾ ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲಿದೆ. ಬಹುಕಾಲ ಅದು ಕಚ್ಚಾತೈಲದಿಂದ ಬರುವ ನಾಫ್ತಾ ಬಳಸಿತು, ಕೊಚ್ಚಿಯಿಂದ ಕೊಳವೆಮಾರ್ಗ ಬಂದ ಮೇಲೆ ಅನಿಲಕ್ಕೆ ತಿರುಗಿತು. ದೇಶಕ್ಕೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ, ಕೊರತೆ ಬೀಳುವ ಯೂರಿಯಾವೂ ಹಡಗಿನಲ್ಲೇ ಬರುತ್ತದೆ. ಎಲ್ಲೋ ಯುದ್ಧವಾದರೆ, ಯಾವುದೋ ದೇಶ ರಫ್ತು ನಿಲ್ಲಿಸಿದರೆ ನಮ್ಮೂರ ಸೊಸೈಟಿ ಮುಂದೆ ಸಾಲು ಬೆಳೆಯುತ್ತದೆ.

ಜಲಜನಕವನ್ನು ನೀರಿನಿಂದಲೇ ಪಡೆದರೆ? ಇದು ಹೊಸ ಮಾತಲ್ಲ. ಪಂಜಾಬಿನ ನಂಗಲ್‌ನಲ್ಲಿ 1961ರಿಂದ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರನ್ನು ಒಡೆದು ಗೊಬ್ಬರ ಮಾಡುತ್ತಿದ್ದರು. ಈಗ ಹಸಿರು ಅಮೋನಿಯಾ ಎಂದು ಕರೆಯುವುದೂ ಇದನ್ನೇ: ಸೌರ ಅಥವಾ ಗಾಳಿ ವಿದ್ಯುತ್ತಿನಿಂದ ನೀರನ್ನು ಒಡೆ, ಬಂದ ಜಲಜನಕವನ್ನು ಹಳೆಯ ಹೇಬರ್-ಬಾಷ್ ಕೊಳಗಕ್ಕೆ ತುಂಬು. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2025ರಲ್ಲಿ ನಡೆದ ಹರಾಜುಗಳಲ್ಲಿ ಇಂಥ ಅಮೋನಿಯಾಕ್ಕೆ ಕೆ.ಜಿ.ಗೆ 50ರಿಂದ 65 ರೂಪಾಯಿಯ ಆಸುಪಾಸಿನ ದರ ಕೂಗಲಾಯಿತು. ಹೊಸ ವಿಧಾನ ಯಾವುದೇ ಬರಲಿ, ಅದು ಗೆಲ್ಲಬೇಕಾದ್ದು ಈ ದರವನ್ನು. ನೂರು ವರ್ಷ ಹಳೆಯ ಕುಲುಮೆಯನ್ನು ಗೆದ್ದರೆ ಸಾಲದು.

ಹಾಗಾದರೆ ಹುಡುಗ ಮೊಬೈಲಿನಲ್ಲಿ ನೋಡಿದ, ಕೋಣೆಯ ಉಷ್ಣಾಂಶದಲ್ಲಿ ಕರೆಂಟಿನಿಂದಲೇ ಸಾರಜನಕವನ್ನು ಅಮೋನಿಯಾ ಮಾಡುವ ವಿದ್ಯುದ್ರಾಸಾಯನಿಕ ವಿಧಾನದ ಮೇಲೆ ಇಷ್ಟು ಆಸೆ ಯಾಕೆ? ಅದು ಚಿಕ್ಕದಾಗಿರಬಲ್ಲದು ಎಂಬ ಕಾರಣಕ್ಕೆ. ಹೇಬರ್-ಬಾಷ್ ಘಟಕ ದೊಡ್ಡದಿದ್ದರೇ ಲಾಭ, ಅದನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲು ಆಗುವುದಿಲ್ಲ. ಈ ಹೊಸ ವಿಧಾನಕ್ಕೆ ಬೇಕಾದ್ದು ಒಂದು ತೊಟ್ಟಿ, ಎರಡು ಎಲೆಕ್ಟ್ರೋಡ್, ಒಂದು ಕಡೆ ನೀರು, ಇನ್ನೊಂದು ಕಡೆ ಸಾರಜನಕ. ಬಿಸಿಲಿದ್ದಾಗ ಓಡು, ಸಂಜೆ ನಿಲ್ಲು. ಮದ್ದೂರಿಗೊಂದು, ನಾಗಮಂಗಲಕ್ಕೊಂದು ಇಡಬಹುದು. ಈ ಕನಸು ನನಗೂ ಇದೆ. ಕೆ.ಆರ್.ಎಸ್. ಪಕ್ಕದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆಯೇ ಅಮೋನಿಯಾ ಸಂಶ್ಲೇಷಿಸುವ ಕಾರ್ಖಾನೆ ಇತ್ತು, ದೇಶದಲ್ಲೇ ಮೊದಲ ಸಾಲಿನದು. ನಮ್ಮ ಜಿಲ್ಲೆಯ ಗೊಬ್ಬರ ನಮ್ಮ ಜಿಲ್ಲೆಯಲ್ಲೇ ಆಗಲಿ ಎಂಬ ಆಸೆಗೆ ಇಲ್ಲಿ ಹಳೆಯ ಬೇರಿದೆ.

ಇನ್ನು ತೊಡಕಿಗೆ ಬರೋಣ. ನಮ್ಮ ಕಡೆಯವರಿಗೆ ಇದನ್ನು ಕೆ.ಆರ್.ಎಸ್.ನಿಂದ ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಕ್ಯಾಥೋಡಿಗೆ, ಅಂದರೆ ಋಣ ಎಲೆಕ್ಟ್ರೋಡಿಗೆ, ಹರಿದು ಬರುವ ಎಲೆಕ್ಟ್ರಾನುಗಳು ನಾಲೆ ನೀರು ಎಂದುಕೊಳ್ಳಿ. ನೀರಿನಲ್ಲಿ ಎಲ್ಲೆಲ್ಲೂ ಇರುವ ಪ್ರೋಟಾನುಗಳು (ಎಲೆಕ್ಟ್ರಾನು ಕಳೆದುಕೊಂಡ ಜಲಜನಕ) ನಾಲೆಯ ಮೇಲ್ಭಾಗದ ಗದ್ದೆಗಳು. ಸಾರಜನಕ ಮಳವಳ್ಳಿ ಕಡೆಯ ಕೊನೆಭಾಗದ ಗದ್ದೆ. ತೂಬು ಎತ್ತಿದೊಡನೆ ಮೇಲಿನವರು ನೀರು ಎಳೆದುಕೊಳ್ಳುತ್ತಾರೆ: ಎರಡು ಪ್ರೋಟಾನು, ಎರಡು ಎಲೆಕ್ಟ್ರಾನು ಸೇರಿದರೆ ಜಲಜನಕದ ಗುಳ್ಳೆ ಎದ್ದು ಹೋಯಿತು. ಸಾರಜನಕದ ಒಂದು ಅಣು ಅಮೋನಿಯಾ ಆಗಬೇಕಾದರೆ ಆರು ಎಲೆಕ್ಟ್ರಾನು ಬೇಕು, ಆರು ಪ್ರೋಟಾನು ಬೇಕು, ಅದೂ ಸರಿಯಾದ ಸರದಿಯಲ್ಲಿ. ಎರಡೂ ಕ್ರಿಯೆಗಳಿಗೆ ಬೇಕಾದ ವೋಲ್ಟೇಜಿನ ಅಂತರ ವೋಲ್ಟಿನ ಹತ್ತನೆಯ ಒಂದು ಭಾಗವೂ ಇಲ್ಲ. ವೋಲ್ಟೇಜ್ ತಿರುಗಿಸಿ ಒಂದನ್ನು ತಡೆದು ಇನ್ನೊಂದನ್ನು ಬಿಡಲು ಆಗುವುದಿಲ್ಲ. ಸಾಲದ್ದಕ್ಕೆ ಸಾರಜನಕ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಶುದ್ಧ ಸಾರಜನಕವನ್ನೇ ಊದಿದರೂ ಒಂದು ಲೀಟರಿಗೆ 18 ಮಿಲಿಗ್ರಾಂ ಆಸುಪಾಸು.

ಹರಿದ ಎಲೆಕ್ಟ್ರಾನುಗಳಲ್ಲಿ ಎಷ್ಟು ಪಾಲು ಅಮೋನಿಯಾಕ್ಕೆ ಸೇರಿತು ಎಂಬುದನ್ನು ಫ್ಯಾರಡೆ ದಕ್ಷತೆ ಎನ್ನುತ್ತಾರೆ. ಬಿಟ್ಟ ನೀರಿನಲ್ಲಿ ಕೊನೆಭಾಗಕ್ಕೆ ಮುಟ್ಟಿದ್ದೆಷ್ಟು ಎಂಬ ಲೆಕ್ಕವೇ ಅದು. ನಿಸರ್ಗದ ಕಿಣ್ವ ಕೂಡ ಈ ಸೋರಿಕೆಯನ್ನು ಪೂರ್ತಿ ತಡೆದಿಲ್ಲ: ನೈಟ್ರೋಜಿನೇಸ್ ಒಂದೊಂದು ಸಾರಜನಕದ ಅಣುವಿಗೂ ಎಂಟು ಎಲೆಕ್ಟ್ರಾನು ಖರ್ಚು ಮಾಡುತ್ತದೆ, ಅದರಲ್ಲಿ ಎರಡು ಜಲಜನಕವಾಗಿ ಹೋಗುತ್ತವೆ.

ನೀರಿನಲ್ಲಿ ನಡೆಸಿದ ಪ್ರಯೋಗಗಳ ಬಗ್ಗೆ ಸಾಲುಸಾಲು ಪ್ರಬಂಧಗಳು ಬಂದವು. ಹಲವರ ಫಲಿತಾಂಶ ಗಂಟೆಗೆ ಕೆಲವು ಹತ್ತು ಮೈಕ್ರೋಗ್ರಾಂ ಅಮೋನಿಯಾ. ಗಂಟೆಗೆ 30 ಮೈಕ್ರೋಗ್ರಾಂ ಕೊಡುವ ಒಂದು ತೊಟ್ಟಿ ಒಂದು ಯೂರಿಯಾ ಚೀಲಕ್ಕೆ ಬೇಕಾದ 25 ಕೆ.ಜಿ. ಅಮೋನಿಯಾ ಕೊಡಲು ಸುಮಾರು 95 ಸಾವಿರ ವರ್ಷ ಬೇಕು. ನಿಧಾನ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಅಷ್ಟು ಕಡಿಮೆ ಪ್ರಮಾಣದ ಅಮೋನಿಯಾ ನಿಜವಾಗಿಯೂ ತೊಟ್ಟಿಯಲ್ಲಿ ಹುಟ್ಟಿತೋ, ಹೊರಗಿನಿಂದ ಬಂತೋ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿಗೆ ಇದೇ ವಿಷಯ ತೆಗೆದುಕೊಂಡಳು. ಬೀಕರಿನಲ್ಲಿ ಸೋಡಿಯಂ ಸಲ್ಫೇಟ್ ದ್ರಾವಣ, ಎರಡು ಕಾರ್ಬನ್ ಕಡ್ಡಿ, ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪಿನಿಂದ ಗಾಳಿ. ಎರಡು ಗಂಟೆ ಕರೆಂಟು ಹರಿಸಿ ನೆಸ್ಲರ್ ದ್ರಾವಣ ಹಾಕಿದಳು. ಹಳದಿ! ಅಮೋನಿಯಾ ಇದ್ದರೆ ಬರುವ ಬಣ್ಣ. ಇಡೀ ಲ್ಯಾಬು ಅವಳ ಮೇಜಿನ ಸುತ್ತ ನೆರೆಯಿತು. ಕರೆಂಟು ಹರಿಸದೆ ಇನ್ನೊಂದು ಬೀಕರಿನಲ್ಲಿ ಮಾಡಿ ನೋಡು ಎಂದೆ. ಅದೂ ಹಳದಿ. ಆ ಮೇಜಿನ ಮೇಲೆ ತೆರೆದಿಟ್ಟಿದ್ದ ಬರೀ ಡಿಸ್ಟಿಲ್ಡ್ ವಾಟರಿಗೆ ಹಾಕಿದರೂ ತೆಳು ಹಳದಿ. ಪಕ್ಕದ ಸಾಲಿನಲ್ಲಿ ಇನ್ನೊಂದು ಬ್ಯಾಚು ಲವಣ ವಿಶ್ಲೇಷಣೆ ಮಾಡುತ್ತಿತ್ತು, ಅವರ ಮೇಜಿನ ಮೇಲೆ ಅಮೋನಿಯಂ ಹೈಡ್ರಾಕ್ಸೈಡಿನ ಬಾಟಲಿ ಮುಚ್ಚಳ ತೆರೆದು ನಿಂತಿತ್ತು. ಅವಳ ಮುಖ ಸಪ್ಪಗಾಯಿತು. ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಪ್ರಯೋಗ ಅದೇ. ಅವಳು ವರದಿಯಲ್ಲಿ ಮೂರೂ ಬೀಕರುಗಳ ಬಣ್ಣವನ್ನು ಇದ್ದದ್ದು ಇದ್ದ ಹಾಗೆ ಬರೆದಳು.

ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ಆಯಿತು. ಅಮೋನಿಯಾ ಎಲ್ಲೆಲ್ಲೂ ಇದೆ: ನಮ್ಮ ಉಸಿರಿನಲ್ಲಿ, ಕೈಗವಸಿನಲ್ಲಿ, ತೊಟ್ಟಿಯ ನಡುವಿನ ಪೊರೆಯಲ್ಲಿ. ಸಾರಜನಕದ ಸಿಲಿಂಡರಿನಲ್ಲೇ ನೈಟ್ರೋಜನ್ ಆಕ್ಸೈಡುಗಳ ಸೋಂಕಿರುತ್ತದೆ, ಅವು ಸಾರಜನಕಕ್ಕಿಂತ ಸುಲಭವಾಗಿ ಅಮೋನಿಯಾ ಆಗುತ್ತವೆ. ವೇಗವರ್ಧಕವನ್ನು ನೈಟ್ರೇಟ್ ಲವಣದಿಂದ ತಯಾರಿಸಿದ್ದರೆ ಉಳಿದ ನೈಟ್ರೇಟೇ ಅಮೋನಿಯಾ ಆಗಿ ಹೊರಬರಬಹುದು. 2019ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಸೇರಿ ಕಟ್ಟುನಿಟ್ಟಾದ ಪರೀಕ್ಷಾಕ್ರಮವನ್ನು ಮುಂದಿಟ್ಟರು. ತಿರುಳು ಸರಳ. ಒಂದು, ಸಾರಜನಕದ ಬದಲು ಆರ್ಗಾನ್ ಊದಿ ನೋಡು, ಆಗಲೂ ಅಮೋನಿಯಾ ಬಂದರೆ ಅದು ಕಲಬೆರಕೆ. ಎರಡು, ತೂಕ ಹೆಚ್ಚಿರುವ ಸಾರಜನಕ-15 ಎಂಬ ಐಸೋಟೋಪನ್ನು ಊದು, ಹೊರಬಂದ ಅಮೋನಿಯಾದಲ್ಲೂ ಅದೇ ಸಾರಜನಕ ಇರಬೇಕು. ಅಣುಗಳ ಗುರುತು ಹಿಡಿಯುವ ಎನ್‌ಎಂಆರ್ ಯಂತ್ರದಲ್ಲಿ ಸಾಮಾನ್ಯ ಸಾರಜನಕದ ಅಮೋನಿಯಂ ಮೂರು ಕೋಡು ತೋರಿಸುತ್ತದೆ, ಸಾರಜನಕ-15ರದ್ದು ಎರಡು. ಆ ದುಬಾರಿ ಐಸೋಟೋಪ್ ಅನಿಲದಲ್ಲೂ ಕಲಬೆರಕೆ ಇರುವುದರಿಂದ ಅದನ್ನೂ ತೊಳೆದು ಬಳಸಬೇಕು. ಈ ಜರಡಿ ಹಿಡಿದಾಗ ನೀರಿನ ಪ್ರಯೋಗಗಳಲ್ಲಿ ಬಹಳಷ್ಟು ಉದುರಿಹೋದವು.

ಜರಡಿಯ ಮೇಲೆ ನಿಂತದ್ದು ಲಿಥಿಯಂ ದಾರಿ. ಲಿಥಿಯಂ ಲೋಹ ಕೋಣೆಯ ಉಷ್ಣಾಂಶದಲ್ಲೇ ಸಾರಜನಕದ ಬಂಧ ಒಡೆದು ಲಿಥಿಯಂ ನೈಟ್ರೈಡ್ ಆಗುತ್ತದೆ. ಅದಕ್ಕೆ ಆಲ್ಕೊಹಾಲಿನಂಥ ಪ್ರೋಟಾನ್ ಕೊಡುವ ವಸ್ತು ಸೇರಿದರೆ ಅಮೋನಿಯಾ. ಕಳೆದುಹೋದ ಲಿಥಿಯಂ ಅನ್ನು ಕರೆಂಟಿನಿಂದ ಮತ್ತೆ ಲೋಹವಾಗಿಸಬೇಕು. ನೀರು ಹತ್ತಿರ ಸುಳಿಯುವಂತಿಲ್ಲ, ಎಲ್ಲವೂ ಸಾವಯವ ದ್ರಾವಕದಲ್ಲಿ. ಮೇಲ್ಭಾಗದ ಗದ್ದೆಗಳನ್ನೇ ಕಡಿಮೆ ಮಾಡಿ ಕೊನೆಭಾಗಕ್ಕೆ ನೀರು ಕಳಿಸುವ ಉಪಾಯ ಇದು. 1930ರಲ್ಲೇ ಇದರ ಬೀಜ ಬಿದ್ದಿತ್ತು, 1990ರ ದಶಕದಲ್ಲಿ ಜಪಾನಿನವರು ಮತ್ತೆ ಎತ್ತಿದರು. 2021ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 69 ಶೇಕಡಾ ಫ್ಯಾರಡೆ ದಕ್ಷತೆ ತೋರಿಸಿತು, ಮರುವರ್ಷ ಹತ್ತಿರ ಹತ್ತಿರ ನೂರು. ಆ ನೂರಕ್ಕೆ ಸಾರಜನಕವನ್ನು 15 ಪಟ್ಟು ಅದುಮಬೇಕಾಯಿತು ಎಂಬುದನ್ನು ಸುದ್ದಿಗಳು ಬಿಟ್ಟವು. 2023ರಲ್ಲಿ ಡೆನ್ಮಾರ್ಕಿನವರು ಸಾಮಾನ್ಯ ಒತ್ತಡದಲ್ಲೇ, ದ್ರಾವಣ ಹರಿಯುತ್ತಿರುವ ತೊಟ್ಟಿಯಲ್ಲಿ 61 ಶೇಕಡಾ ತಲುಪಿದರು. ಇವು ನಿಜವಾದ ಸಾಧನೆಗಳು, ಐಸೋಟೋಪ್ ಪರೀಕ್ಷೆಯಲ್ಲಿ ಗೆದ್ದಂಥವು.

ಆದರೆ ಲಿಥಿಯಂ ಬಲು ದುಬಾರಿ ಆಳು. ಅದನ್ನು ಲೋಹವಾಗಿಸಲು 3 ವೋಲ್ಟಿಗೂ ಹೆಚ್ಚು ಬೇಕು, ಒಟ್ಟು ತೊಟ್ಟಿಗೆ 4 ವೋಲ್ಟ್ ಎಂದು ಹಿಡಿಯೋಣ. ಲೆಕ್ಕ ಹಾಕಿದರೆ, ಒಂದು ಎಲೆಕ್ಟ್ರಾನೂ ಸೋರದಿದ್ದರೂ ಒಂದು ಕೆ.ಜಿ. ಅಮೋನಿಯಾಕ್ಕೆ ಸುಮಾರು 19 ಯೂನಿಟ್ ಕರೆಂಟು. 60 ಶೇಕಡಾ ದಕ್ಷತೆಯಾದರೆ 31 ಯೂನಿಟ್. ನೀರು ಒಡೆದು ಹೇಬರ್-ಬಾಷ್‌ಗೆ ಕೊಡುವ ಹಸಿರು ದಾರಿಗೆ ಬೇಕಾದ್ದು 10 ಯೂನಿಟ್ ಆಸುಪಾಸು. ಉಷ್ಣಬಲಶಾಸ್ತ್ರದ ಪ್ರಕಾರ ಯಾರೂ ಇಳಿಯಲಾಗದ ತಳ ಐದೂವರೆ. ಈಗ ಚೀಲಕ್ಕೆ ಬನ್ನಿ. 45 ಕೆ.ಜಿ.ಯ ಬೇವು ಲೇಪಿತ ಯೂರಿಯಾ ಚೀಲ ನಮಗೆ ಸಿಗುವುದು 266 ರೂಪಾಯಿ 50 ಪೈಸೆಗೆ. ಅದರ 25 ಕೆ.ಜಿ. ಅಮೋನಿಯಾವನ್ನು ಲಿಥಿಯಂ ದಾರಿಯಲ್ಲಿ ಮಾಡಿದರೆ 60 ಶೇಕಡಾ ದಕ್ಷತೆಯಲ್ಲಿ ಹೆಚ್ಚುಕಡಿಮೆ 780 ಯೂನಿಟ್. 5 ಎಚ್‌ಪಿ ಪಂಪ್‌ಸೆಟ್ಟನ್ನು 200 ಗಂಟೆಗೂ ಹೆಚ್ಚು ಓಡಿಸುವಷ್ಟು. ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 3 ರೂಪಾಯಿ ಎಂದರೂ ಬರೀ ಕರೆಂಟಿಗೇ 2,300 ರೂಪಾಯಿ ದಾಟುತ್ತದೆ. ಪಂಪ್‌ಸೆಟ್ಟಿನ ಕರೆಂಟು ನಮಗೆ ಉಚಿತವಲ್ಲವೇ ಎಂದು ನಮ್ಮ ಹುಡುಗ, ಅದೇ ಚಿಕ್ಕಪ್ಪನ ಮಗ, ಕೇಳುತ್ತಾನೆ, ನನಗೆ ಗೊತ್ತು. ಆ ಹಣವನ್ನು ರಾಜ್ಯದ ಬೊಕ್ಕಸ ಕಟ್ಟುತ್ತಿದೆ, ಯೂರಿಯಾದ ಸಹಾಯಧನವನ್ನು ಕೇಂದ್ರ ಕಟ್ಟುತ್ತಿದೆ. ಒಂದರ ಹೊರೆಯನ್ನು ಇನ್ನೊಂದರ ಹೆಗಲಿಗೆ ದಾಟಿಸಿದರೆ ಗೊಬ್ಬರ ಅಗ್ಗವಾಗುವುದಿಲ್ಲ.

ಅಮೋನಿಯಾ ಬಂದ ಮಾತ್ರಕ್ಕೆ ಯೂರಿಯಾ ಬರುವುದೂ ಇಲ್ಲ. ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಈಗ ಅದು ನೈಸರ್ಗಿಕ ಅನಿಲದಿಂದಲೇ ಸಿಗುತ್ತದೆ. ಅನಿಲ ಬಿಟ್ಟರೆ ಅದನ್ನು ಬೇರೆ ಕಡೆಯಿಂದ ತರಬೇಕು. ಇದರಲ್ಲಿ ಮಂಡ್ಯಕ್ಕೆ ಒಂದು ಅನುಕೂಲವಿದೆ, ಅದನ್ನು ಯಾರೂ ಎತ್ತಿ ಆಡುತ್ತಿಲ್ಲ ಎಂಬ ಕೊರಗು ನನ್ನದು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಯಲ್ಲಿ ಕಾಕಂಬಿ ಹುಳಿಯುವಾಗ ಬಹುತೇಕ ಶುದ್ಧವಾದ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಎಥೆನಾಲಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿ. ಒಂದು ಟನ್ ಯೂರಿಯಾಕ್ಕೆ ಬೇಕಾದ್ದು ಮುಕ್ಕಾಲು ಟನ್. ಕಬ್ಬು ಗಾಳಿಯಿಂದ ಹೀರಿದ ಇಂಗಾಲ ಅದು. ಹಸಿರು ಅಮೋನಿಯಾ ಯಾವ ದಾರಿಯಲ್ಲೇ ಬರಲಿ, ಅದನ್ನು ಯೂರಿಯಾ ಮಾಡುವ ಘಟಕ ಡಿಸ್ಟಿಲರಿಯ ಪಕ್ಕದಲ್ಲಿರುವುದು ನ್ಯಾಯ. ಯೂರಿಯಾ ಬೇಡ, ಅಮೋನಿಯಂ ಲವಣವೇ ಸಾಕು ಎಂದರೂ ಭತ್ತಕ್ಕೆ ಒಗ್ಗುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಪೈರು ಹೀರುವುದು ಹೆಚ್ಚಾಗಿ ಅಮೋನಿಯಂ ರೂಪವನ್ನೇ.

ಇನ್ನೊಂದು ದಾರಿ ಇದೆ: ಗಾಳಿಯ ಸಾರಜನಕ ಬಿಟ್ಟು ನೀರಿನ ನೈಟ್ರೇಟಿನಿಂದ ಅಮೋನಿಯಾ ಮಾಡುವುದು. ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಮೂರು ಬಂಧದ ಗಂಟೂ ಇಲ್ಲ. ತಾಮ್ರ ಆಧಾರಿತ ಎಲೆಕ್ಟ್ರೋಡುಗಳಲ್ಲಿ 90 ಶೇಕಡಾ ಮೀರಿದ ದಕ್ಷತೆ ವರದಿಯಾಗಿದೆ. ನಾವು ಗದ್ದೆಗೆ ಚೆಲ್ಲಿದ ಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಪೈರಿಗೆ ಸೇರುತ್ತದೆ, ಉಳಿದದ್ದರಲ್ಲಿ ಒಂದು ಪಾಲು ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಅದನ್ನೇ ಹಿಂದಕ್ಕೆ ತಂದರೆ ಎಂಬುದು ಕೇಳಲು ಚೆಂದ. ಆದರೆ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇರುವ ಬೋರ್‌ವೆಲ್ ನೀರಿನಿಂದ ಒಂದು ಚೀಲ ಯೂರಿಯಾದ ಸಾರಜನಕ ತೆಗೆಯಲು 20 ಲಕ್ಷ ಲೀಟರ್ ಸೋಸಬೇಕು. ಕಾರ್ಖಾನೆಯ, ನೈಟ್ರೇಟ್ ದಟ್ಟವಾಗಿರುವ ತ್ಯಾಜ್ಯನೀರಿಗೆ ಈ ವಿಧಾನ ಸರಿ, ಬೋರ್‌ವೆಲ್ಲಿಗೆ ಅಲ್ಲ. ಬೋರ್‌ವೆಲ್ಲಿಗೆ ಇನ್ನೂ ಸುಲಭದ ಉಪಾಯ ಇದೆ. 20 ಲಕ್ಷ ಲೀಟರ್ ಎಂದರೆ ಒಂದು ಎಕರೆಗೆ ಅರ್ಧ ಮೀಟರ್ ನೀರು, ಕಬ್ಬು ಒಂದು ಬೆಳೆಯಲ್ಲಿ ಕುಡಿಯುವುದು ಇದಕ್ಕಿಂತ ಬಹಳ ಹೆಚ್ಚು. ಅಂಥ ನೀರನ್ನು ಕಬ್ಬಿಗೆ ಹಾಯಿಸುವವನು ಈಗಾಗಲೇ ಚೀಲಗಟ್ಟಲೆ ಸಾರಜನಕ ಕೊಡುತ್ತಿದ್ದಾನೆ. ನೀರು ಪರೀಕ್ಷೆ ಮಾಡಿಸಿ ಅಷ್ಟು ಯೂರಿಯಾ ಕಡಿಮೆ ಹಾಕಿದರೆ ಸಾಲಿನಲ್ಲಿ ನಿಲ್ಲುವ ಒಂದು ಬೆಳಗ್ಗೆ ಉಳಿಯುತ್ತದೆ.

ಇದನ್ನೇ ಹೇಳಿ ಹುಡುಗನ ತೋಟದ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದೆವು. ನೈಟ್ರೇಟ್ 45ರ ಗೆರೆ ದಾಟಿತ್ತು. ಅವನ ಮನೆಯವರು ಕುಡಿಯುವುದೂ ಆ ನೀರನ್ನೇ. ಚೀಟಿಯನ್ನು ಎರಡು ಸಲ ಓದಿ ಕೇಳಿದ: "ಹಂಗಾರೆ ನಾವು ಹಾಕಿದ್ ಯೂರಿಯಾನೇ ಕುಡೀತಾ ಇದೀವಾ ಅಣ್ಣ?"

ಅಷ್ಟು ಖಡಾಖಂಡಿತವಾಗಿ ಹೇಳಲಾರೆ ಎಂದೆ. ಬೋರ್‌ವೆಲ್ಲಿನಿಂದ ಇಪ್ಪತ್ತು ಹೆಜ್ಜೆಗೆ ತಿಪ್ಪೆ ಇದೆ, ಕೊಟ್ಟಿಗೆಯ ಗಂಜಲ ಹರಿಯುವ ಕಾಲುವೆ ಇದೆ, ಆಚೆ ಬದಿಗೆ ಕಕ್ಕಸಿನ ಗುಂಡಿ ಇದೆ. ಗೊಬ್ಬರದ ನೈಟ್ರೇಟಿನಲ್ಲಿ ಸಾರಜನಕ-15 ಗಾಳಿಯಲ್ಲಿರುವಷ್ಟೇ ಇರುತ್ತದೆ, ಸಗಣಿ ಗಂಜಲದಿಂದ ಬಂದದ್ದರಲ್ಲಿ ಅದಕ್ಕಿಂತ ತುಸು ಹೆಚ್ಚು. ಅಳೆದರೆ ಎಲ್ಲಿಂದ ಬಂತೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಕುಡಿಯುವ ನೀರಿಗೆ ಅವನು ಈಗ ಊರಿನ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹೊರುತ್ತಿದ್ದಾನೆ. ಬೋರ್‌ವೆಲ್ ನೀರು ಕಬ್ಬಿಗೆ ಹೋಗುತ್ತಿದೆ, ಮುಂದಿನ ಮೇಲುಗೊಬ್ಬರಕ್ಕೆ ಎಕರೆಗೆ ಎಷ್ಟು ಕಳೆಯಬೇಕೆಂದು ಚೀಟಿಯ ಹಿಂದೆ ಇಬ್ಬರೂ ಕೂತು ಲೆಕ್ಕ ಬರೆದಿದ್ದೇವೆ.